ದೋಣಿಯಲ್ಲಿ ಎಂಟು ಜನ

ಆಗಸ್ಟ್ ೪
ವರ್ಕ್‌ಶಾಪಿನಿಂದ, ಊಟದ ಹೊತ್ತು

ಪ್ರೀತಿಯ ತಂಗಿಗೆ,

ಕಾಗದ ನೋಡಿ ಗಾಬರಿ ಬೀಳಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾನು ಹತ್ತು ನಿಮಿಷ ಮಾತಾಡುತ್ತೇನೆ, ನೀನು ನಾಲ್ಕು ಸಲ ‘ಹೂಂ’ ಅನ್ನುತ್ತೀಯ, ಆಮೇಲೆ ‘ಡ್ಯೂಟಿಗೆ ಹೊತ್ತಾಯ್ತು’ ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಮಧ್ಯದಲ್ಲಿ ಕತ್ತರಿಸುವುದಕ್ಕೆ ಆಗುವುದಿಲ್ಲ. ಪೂರ್ತಿ ಓದಲೇಬೇಕು.

ವಿಷಯ ಇಷ್ಟು. ಡಿಸೆಂಬರ್ ಇಪ್ಪತ್ತರಿಂದ ಒಂದು ವಾರ ನಾವೆಲ್ಲ ದ್ವೀಪಕ್ಕೆ ಹೋಗುತ್ತಿದ್ದೇವೆ. ಎಲ್ಲ ಅಂದರೆ ಎಲ್ಲ. ನಾನು, ನಿನ್ನ ಅತ್ತಿಗೆ, ನನ್ನ ಮಗಳು, ಅಮ್ಮ; ಆ ಕಡೆಯಿಂದ ನೀನು, ನಿನ್ನ ಯಜಮಾನರು, ನಿನ್ನ ಮಗಳು. ಏಳು ಜನ. ಅಮ್ಮ ದಡದಲ್ಲಿ ಕೂರುತ್ತಾಳೆ. ನಿನ್ನ ಯಜಮಾನರು ಮತ್ತು ನಿನ್ನ ಅತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ಮಾಸ್ಕು, ಕೊಳವೆ ಹಾಕಿಕೊಂಡು ಕವುಚಿ ತೇಲುತ್ತಾ ಮೀನು ನೋಡಬಹುದು. ಮುಳುಗುವವಳು ನನ್ನ ಮಗಳೊಬ್ಬಳೇ.

ಇದೆಲ್ಲ ಶುರುವಾಗಿದ್ದೇ ಅವಳಿಂದ. ಆರು ತಿಂಗಳಿಂದ ಈಜುಕೊಳದಲ್ಲಿ ಸಿಲಿಂಡರ್ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದಾಳೆ. ಮೊನ್ನೆ ಹೋಗಿ ನೋಡಿದೆ. ಕೊಳದ ತಳದಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಮಹಾತಾಯಿ ತರಹ ಕೂತಿದ್ದಳು. ಕಲಿಸುವವನು ಹೇಳಿದ, “ನಿಮ್ಮ ಮಗಳು ಗಾಳಿ ಬಹಳ ಕಮ್ಮಿ ಖರ್ಚು ಮಾಡ್ತಾಳೆ ಸಾರ್.” ನಾನಂದೆ, “ಗಾಳಿಯೊಂದನ್ನಾದರೂ ಕಮ್ಮಿ ಮಾಡ್ತಾಳಲ್ಲ, ಸದ್ಯ.”

ದ್ವೀಪ ಯಾವುದು ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದೇ. ಇಪ್ಪತ್ತನಾಲ್ಕು ವರ್ಷ ಆಯಿತು. ಈಗ ಅಲ್ಲಿ ಸಿಮೆಂಟಿನ ಕಟ್ಟೆ ಬಂದಿದೆಯಂತೆ, ದೊಡ್ಡ ದೋಣಿಗಳಂತೆ. ನಾನು ದೋಣಿಯ ಹಿಂಬದಿಯಲ್ಲಿ ಕೂತು ಸಿಲಿಂಡರಿಗೆ ಗಾಳಿ ತುಂಬುತ್ತಿದ್ದ ಆ ಹೊಗೆ ಕಾರುವ ಕಂಪ್ರೆಸರ್ ಈಗ ಯಾವ ಗುಜರಿಯಲ್ಲಿದೆಯೋ. ಅಂಥ ಕಂಪ್ರೆಸರುಗಳನ್ನು ರಿಪೇರಿ ಮಾಡಿಯೇ ನಾನು ಈ ಹನ್ನೊಂದು ಜನ ಕೆಲಸ ಮಾಡುವ ಶೆಡ್ಡು ಕಟ್ಟಿದ್ದು. ಹೋದಮೇಲೆ ನನ್ನ ಮಗಳ ಸಿಲಿಂಡರಿನ ಗಾಳಿಯನ್ನು ನಾನೇ ಮೂಸಿ ನೋಡುತ್ತೇನೆ. ಎಣ್ಣೆ ವಾಸನೆ ಒಂದು ಚೂರು ಬಂದರೂ ಇಳಿಯಲು ಬಿಡುವುದಿಲ್ಲ.

ಅಮ್ಮನಿಗೆ ಹೇಳಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. “ಸರಿ,” ಅಂದಳು. ಅಷ್ಟೇ. ಮಾಮೂಲಿನಂತೆ ಸಂಜೆ ನಾನು ಶೆಡ್ಡು ಮುಚ್ಚಿ ಬಂದಾಗ, “ಎಲ್ಲಾ ಮುಟ್ಟಿ ನೋಡಿ ಬಂದ್ಯಾ?” ಅಂತ ಕೇಳಿದಳು. ಬೀಗ ಎಳೆದು ನೋಡಿದೆಯಾ ಅಂತ ಅರ್ಥ. ದಿನಾ ಕೇಳುತ್ತಾಳೆ. ದಿನಾ ಹೌದು ಅನ್ನುತ್ತೇನೆ.

ರಜೆಗೆ ಈಗಲೇ ಅರ್ಜಿ ಹಾಕು. ನೆಪ ಹೇಳಿದರೆ ಕೇಳುವವನಲ್ಲ.

ನಿನ್ನ ಅಣ್ಣ


ಆಗಸ್ಟ್ ೧೯

ಅಣ್ಣಾ,

ಕಾಗದ ತಲುಪಿತು. ಡಿಸೆಂಬರಿನಲ್ಲಿ ನಮ್ಮ ಆಪರೇಷನ್ ಥಿಯೇಟರಿನಲ್ಲಿ ಇಬ್ಬರು ನರ್ಸುಗಳು ಹೆರಿಗೆ ರಜೆಯಲ್ಲಿರುತ್ತಾರೆ. ನನಗೆ ರಜೆ ಸಿಗುವುದಿಲ್ಲ. ಮಗಳಿಗೆ ಕಿವಿ ಸೋರುತ್ತಿದೆ, ನೀರು ತಾಗಬಾರದು ಅಂದಿದ್ದಾರೆ. ಇವರಿಗೆ ದೋಣಿ ಆಗುವುದಿಲ್ಲ.

ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡ. ಬೆಟ್ಟದ ಕಡೆ ಎಲ್ಲಾದರೂ ಹೋಗಿ.

ಅತ್ತಿಗೆಗೆ ಕೇಳಿದೆ ಅಂತ ಹೇಳು.

ತಂಗಿ


ಆಗಸ್ಟ್ ೨೫

ತಂಗೀ,

ಭಲೇ. ಒಂದೇ ಕಾಗದದಲ್ಲಿ ಮೂರು ನೆಪ, ಅದೂ ಆರು ಸಾಲಿನಲ್ಲಿ! ಹೆರಿಗೆ ರಜೆ ಒಬ್ಬಳದಾಗಿದ್ದರೆ ನಂಬುತ್ತಿದ್ದೆ. ಕಿವಿ ಸೋರುವುದು ಡಿಸೆಂಬರಿನವರೆಗೆ ನಡೆಯುವುದಿಲ್ಲ. ನಿನ್ನ ಯಜಮಾನರಿಗೆ ದೋಣಿ ಆಗದಿದ್ದರೆ ಗುಳಿಗೆ ಇದೆ. ನರ್ಸಿಗೆ ನಾನು ಹೇಳಿಕೊಡಬೇಕಾ?

ನನಗೆ ಗೊತ್ತು ನಿಜವಾದ ಕಾರಣ. ನನ್ನ ಖರ್ಚಿನಲ್ಲಿ ಹೋಗುವುದು ಹೇಗೆ ಅಂತ ನಿಮ್ಮವರಿಗೆ ಬಿಗುಮಾನ. ಅವರಿಗೆ ಹೇಳು, ನಾನು ಯಾರಿಗೂ ಉಪಕಾರ ಮಾಡುತ್ತಿಲ್ಲ. ನನಗೆ ಜನ ಬೇಕು. ಮೀನು ನೋಡಿ ಬಂದವರು ಒಬ್ಬರಿಗೊಬ್ಬರು ಸುಳ್ಳು ಕೊಚ್ಚುವುದನ್ನು ಕೇಳುತ್ತಾ ದಡದಲ್ಲಿ ಕಾಲು ಚಾಚಿ ಕೂರಬೇಕು.

ನಾನು ಬುಕ್ ಮಾಡಿಯಾಯಿತು. ಅಲ್ಲಿ ಒಬ್ಬಳು ಬುಕಿಂಗ್ ಹುಡುಗಿ ಇದ್ದಾಳೆ, ಬಹಳ ಚುರುಕು. ಎಲ್ಲರ ವಯಸ್ಸು, ಪಾದದ ಅಳತೆ ಕೇಳಿದಳು. ಕಾಲಿಗೆ ಹಾಕುವ ರೆಕ್ಕೆ ಅಳತೆ ಪ್ರಕಾರ ಕೊಡುತ್ತಾರಲ್ಲ. ನಿನ್ನ ಮಗಳದ್ದು ಅಂದಾಜಿನಲ್ಲಿ ಹೇಳಿದೆ. ನಿನ್ನ ಯಜಮಾನರದ್ದು ಅವರು ಮದುವೆಯಲ್ಲಿ ನನ್ನ ಕಾಲು ತುಳಿದ ನೆನಪಿನ ಮೇಲೆ ಹೇಳಿದೆ.

ಚುರುಕು ಅಂದೆನಲ್ಲ, ಅಷ್ಟೇನೂ ಇಲ್ಲ. ಅವಳು ಕಳಿಸಿದ ಚೀಟಿಯಲ್ಲಿ ಏಳರ ಬದಲು ಎಂಟು ಜನ. ಎಂಟನೆಯವರ ಹೆಸರಿನ ಜಾಗ ಖಾಲಿ; ವಯಸ್ಸು ಹತ್ತೊಂಬತ್ತು, ಪಾದ ಒಂಬತ್ತು. ನನ್ನ ಮಗಳಿಗೆ ಹತ್ತೊಂಬತ್ತು ತಾನೆ, ಅವಳನ್ನೇ ಎರಡು ಸಲ ಬರೆದುಕೊಂಡಿದ್ದಾಳೆ. ಪಾದದ ಅಳತೆ ಯಾರದ್ದೋ ಸೇರಿಸಿದ್ದಾಳೆ. ಫೋನ್ ಮಾಡಿ ತೆಗೆಸಿದೆ. ನಾಲ್ಕು ದಿನ ಬಿಟ್ಟು ಹೊಸ ಚೀಟಿ ಬಂತು. ಮತ್ತೆ ಎಂಟು. ಮತ್ತೆ ತೆಗೆಸಿದೆ. ನನ್ನ ಶೆಡ್ಡಿನಲ್ಲಿ ಹೀಗೆ ಮಾಡಿದ್ದರೆ ಅವಳನ್ನು ವಾಲ್ವ್ ತೊಳೆಯುವುದಕ್ಕೆ ಕೂರಿಸುತ್ತಿದ್ದೆ.

ಮೂರು ನೆಪಗಳನ್ನೂ ವಾಪಸ್ಸು ಕಳಿಸಿದ್ದೇನೆ ಅಂತ ತಿಳಿದುಕೋ.

ಅಣ್ಣ


ಸೆಪ್ಟೆಂಬರ್ ೧೫

ಅಣ್ಣಾ,

ಆ ಚೀಟಿ ನಿನ್ನ ಹತ್ತಿರ ಇದೆಯಾ? ಇದ್ದರೆ ಅದರ ನಕಲು ಕಳಿಸು. ಪಾದ ಒಂಬತ್ತೇ ಅಂತ ಇದೆಯಾ, ಸರಿಯಾಗಿ ನೋಡು.

ನೀನು ಬೈಯುವ ಮೊದಲು ನನ್ನ ಕೆಲಸದ ಬಗ್ಗೆ ಒಂದು ಮಾತು. ಆಪರೇಷನ್ ಶುರುವಾಗುವ ಮೊದಲು ಕತ್ತರಿ, ಚಿಮಟ, ರಕ್ತ ಒರೆಸುವ ಬಟ್ಟೆ ತುಂಡು ಎಲ್ಲ ಎಣಿಸಿ ಬೋರ್ಡಿನ ಮೇಲೆ ಬರೆಯುವವಳು ನಾನು. ಹೊಲಿಗೆ ಹಾಕುವ ಮೊದಲು ಮತ್ತೆ ಎಣಿಸಬೇಕು. ಹದಿನೈದು ವರ್ಷದಲ್ಲಿ ಒಂದು ದಿನವೂ ಇನ್ನೊಬ್ಬರು ಎಣಿಸಿದ್ದಕ್ಕೆ ನಾನು ಸಹಿ ಹಾಕಿಲ್ಲ. ಮೊನ್ನೆ ಒಂದು ಬಟ್ಟೆ ತುಂಡು ಕಮ್ಮಿ ಬಂತು. ಡಾಕ್ಟರು, “ಅಲ್ಲೇ ಎಲ್ಲೋ ನೆಲದ ಮೇಲೆ ಬಿದ್ದಿರುತ್ತೆ ಕಣಮ್ಮ, ಹೊಲೀತೀನಿ,” ಅಂದರು. ನಾನು ಸೂಜಿ ಕೊಡಲಿಲ್ಲ. ನಲವತ್ತು ನಿಮಿಷ ಹುಡುಕಿಸಿದೆ. ಕಸದ ಚೀಲದ ಮಡಿಕೆಯಲ್ಲಿ ಸಿಕ್ಕಿತು. ಮತ್ತೆ ಮೊದಲಿನಿಂದ ಎಣಿಸಿ, ಆಮೇಲೆ ಸೂಜಿ ಕೊಟ್ಟೆ.

ನಿನಗೆ ಇದನ್ನು ಯಾಕೆ ಬರೆದೆನೋ.

ದ್ವೀಪ ಬೇಡ ಅಣ್ಣಾ. ನಿನ್ನ ಮಗಳು ಇಳಿಯುವುದು ಬೇಡ. ಬೇರೆ ಯಾವ ಸಮುದ್ರವಾದರೂ ಆಗಲಿ.

ತಂಗಿ


ಸೆಪ್ಟೆಂಬರ್ ೨೩

ತಂಗೀ,

ನಕಲು ಇದರ ಜೊತೆ ಇದೆ. ಪಾದ ಒಂಬತ್ತೇ. ಆದರೆ ಇನ್ನು ನೀನು ಪತ್ತೇದಾರಿ ಮಾಡುವ ಅಗತ್ಯವಿಲ್ಲ, ನಾನೇ ಮಾಡಿಯಾಯಿತು.

ಮೂರನೇ ಸಲ ಎಂಟು ಬಂದಾಗ ನನಗೆ ಪಿತ್ತ ನೆತ್ತಿಗೇರಿತು. ಫೋನ್ ಮಾಡಿ, “ಏನಮ್ಮಾ, ಏಳರವರೆಗೆ ಎಣಿಸೋಕೆ ಬರಲ್ವಾ, ಇಲ್ಲಾ ಏಳಕ್ಕೆ ನಿಲ್ಲಿಸೋಕೆ ಬರಲ್ವಾ?” ಅಂದೆ. ಆ ಹುಡುಗಿ ತಬ್ಬಿಬ್ಬಾದಳು. “ಸಾರ್, ನೀವು ತೆಗೆಸಿದ ಮಾರನೇ ದಿನ ನಿಮ್ಮ ಮನೆ ಅಜ್ಜಿ ಫೋನ್ ಮಾಡ್ತಾರೆ. ಇನ್ನೊಬ್ಬ ಇದ್ದಾನೆ, ಅವನು ಬರೋದು ಸ್ವಲ್ಪ ತಡ, ಜಾಗ ಇಟ್ಟಿರು ಅಂತಾರೆ. ಪಾದದ ಅಳತೆ, ವಯಸ್ಸು ಎಲ್ಲಾ ಅವರೇ ಹೇಳಿದ್ದು,” ಅಂದಳು.

ಶೆಡ್ಡಿನಲ್ಲಿ ಹನ್ನೊಂದು ಜನರ ಮಧ್ಯೆ ನಿಂತಿದ್ದೆ. ಯಾರೋ ಬಂದು ಮೋಟಾರ್ ಆಫ್ ಮಾಡಲಾ ಅಂತ ಕೇಳಿದ. ನಾನು ಏನು ಹೇಳಿದೆನೋ ಗೊತ್ತಿಲ್ಲ.

ಸೀಟಿ, ತಂಗೀ. ನಮ್ಮ ಸೀಟಿಗೆ ಹತ್ತೊಂಬತ್ತು. ಈಗಲೂ ಹತ್ತೊಂಬತ್ತು.

ಅವನ ಹೆಸರನ್ನು ನಾವಿಬ್ಬರೂ ಯಾವತ್ತೂ ಬರೆದಿಲ್ಲ, ಹೇಳಿಲ್ಲ. ನಿನ್ನ ಚಿಕ್ಕಣ್ಣ, ನನ್ನ ತಮ್ಮ, ಹಲ್ಲುಜ್ಜುವಾಗಲೂ ಸೀಟಿ ಹೊಡೆಯುತ್ತಾ ಆ ಅಡ್ಡಹೆಸರು ಸಂಪಾದಿಸಿದವನು. ಈಗ ಹೇಳಿಬಿಡೋಣ. ನೀನು ಬರುವುದಿಲ್ಲ ಅನ್ನುತ್ತಿರುವುದಕ್ಕೆ ಕಾರಣ ನನಗೀಗ ಅರ್ಥವಾಯಿತು. ಬಿಗುಮಾನವಲ್ಲ, ಕಿವಿಯೂ ಅಲ್ಲ. ನನ್ನ ಜೊತೆ ಮತ್ತೆ ಆ ನೀರಿಗೆ ಬರುವುದಕ್ಕೆ ನಿನಗೆ ಮನಸ್ಸಿಲ್ಲ. ಆ ದಿನ ದೋಣಿಯಲ್ಲಿ ಎಣಿಸುವ ಕೆಲಸ ನನ್ನದು. ಬೋರ್ಡಿನ ಮೇಲೆ ಎಂಟು ಮೊಳೆ, ಎಂಟು ತಗಡಿನ ಬಿಲ್ಲೆ. ನೀರಿಗಿಳಿಯುವವರು ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹತ್ತಿ ಬಂದ ಮೇಲೆ ತಾವೇ ಮೊಳೆಗೆ ಹಾಕಬೇಕು. ಏಳು ಜನ ಗಿರಾಕಿಗಳು, ಎಂಟನೆಯವನು ಅವರ ಜೊತೆ ಇಳಿಯುವ ಸೀಟಿ. ಎಂಟೂ ಬಿಲ್ಲೆ ಬಂದಿತ್ತು. ದೋಣಿ ಹೊರಡಲಿ ಅಂದವನು ನಾನು. ಅವನು ಕೆಳಗಿದ್ದ.

ವಿಚಾರಣೆಯಲ್ಲಿ ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ: ಬೋರ್ಡು ನೋಡಿದೆ, ಜನರನ್ನು ಮುಟ್ಟಿ ಎಣಿಸಲಿಲ್ಲ. ಮುಟ್ಟಿ ಎಣಿಸಬೇಕು ಅನ್ನುವುದು ದೋಣಿ ಯಜಮಾನನ ನಿಯಮ. ಅಮ್ಮ ಆಗ ದಡದ ವಸತಿಗೃಹದಲ್ಲಿ ಅಡುಗೆಗಿದ್ದಳಲ್ಲ, ಆ ನಿಯಮ ಅವಳಿಗೂ ಗೊತ್ತಿತ್ತು. ದಿನಾ ಸಂಜೆ ಅವಳು ಕೇಳುವುದು ಬೀಗದ ವಿಷಯ ಅಂತ ನಾನು ನನಗೇ ಹೇಳಿಕೊಂಡು ಬಂದಿದ್ದೇನೆ. ಒಬ್ಬನೇ ಮಗ ಉಳಿದಿದ್ದಾನೆ, ಅವನ ಜೊತೆಗೇ ಬಾಳಬೇಕು, ಬೈಯುವ ಹಾಗಿಲ್ಲ. ಹೀಗೆ ಕೇಳುತ್ತಾಳೆ. ಇಪ್ಪತ್ತನಾಲ್ಕು ವರ್ಷ.

ನೀನೂ ನನ್ನನ್ನೇ ದೂರುತ್ತೀಯ ಅಂತ ಗೊತ್ತಿರಲಿಲ್ಲ. ಹೋಗಲಿ, ನ್ಯಾಯವೇ.

ಬರುವುದೂ ಬಿಡುವುದೂ ನಿನಗೆ ಬಿಟ್ಟಿದ್ದು.

ಅಣ್ಣ


ಅಕ್ಟೋಬರ್ ೩೦

ಅಣ್ಣಾ,

ಐದು ವಾರದಲ್ಲಿ ಏಳು ಕಾಗದ ಬರೆದು ಹರಿದೆ. ಇದನ್ನು ಡ್ಯೂಟಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮುಗಿದ ತಕ್ಷಣ ಕೆಳಗಿನ ಡಬ್ಬಿಗೆ ಹಾಕುತ್ತೇನೆ. ಮನೆಗೆ ತೆಗೆದುಕೊಂಡು ಹೋದರೆ ಇದೂ ಹರಿಯುತ್ತದೆ.

ಎಂಟನೇ ಬಿಲ್ಲೆಯನ್ನು ಮೊಳೆಗೆ ಹಾಕಿದವಳು ನಾನು.

ಆ ಮಧ್ಯಾಹ್ನ ನೀನು ಹಿಂಬದಿಯಲ್ಲಿ ಕಂಪ್ರೆಸರ್ ಜೊತೆ ಗುದ್ದಾಡುತ್ತಿದ್ದೆ. ಶಾಲೆಗೆ ರಜೆ ಅಂತ ನಾನು ಬಿಟ್ಟಿ ಸವಾರಿಗೆ ಬಂದಿದ್ದೆ. ಗಿರಾಕಿಗಳೆಲ್ಲ ಹತ್ತಿ ಬಂದು ಮೈ ಒರೆಸಿಕೊಳ್ಳುತ್ತಿದ್ದರು. ಚಿಕ್ಕಣ್ಣ ಆ ಕಡೆಯ ಏಣಿ ಹಿಡಿದು ಸೊಂಟದವರೆಗೆ ಮೇಲೆ ಬಂದ. ಬಿಲ್ಲೆ ನನ್ನ ಕೈಗೆ ಕೊಟ್ಟ. “ಪುಟ್ಟೀ, ಇದನ್ನ ಹಾಕ್ಬಿಡು. ಆ ದಪ್ಪ ಮೇಷ್ಟ್ರು ಮಾಸ್ಕ್ ಬೀಳಿಸ್ಕೊಂಡಿದ್ದಾರೆ, ಎತ್ಕೊಂಡು ಬಂದ್ಬಿಡ್ತೀನಿ. ಅಣ್ಣಂಗೆ ಹೇಳ್ಬೇಡ, ಬೈತಾನೆ,” ಅಂದ. ಮತ್ತೆ ಇಳಿದುಬಿಟ್ಟ.

ನಾನು ಹಾಕಿದೆ. ಯಾಕೆ ಹಾಕಿದೆ ಅಂತ ಬೇರೆಯವರು ಕೇಳಬಹುದು, ನೀನು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಒಬ್ಬರ ಹಾಜರಿ ಇನ್ನೊಬ್ಬರು ಹೇಳುವುದು ಉಸಿರಾಡಿದಷ್ಟು ಸಹಜ ಅಲ್ಲವಾ? ಶಾಲೆಯಲ್ಲಿ ಅವನ ಬದಲು ನೀನು ‘ಬಂದಿದ್ದೀನಿ ಸಾರ್’ ಅನ್ನುತ್ತಿದ್ದೆ. ನನ್ನ ಹೆಸರಿನಲ್ಲಿ ಸೀಮೆಎಣ್ಣೆ ಸಾಲಿನಲ್ಲಿ ಅವನು ನಿಲ್ಲುತ್ತಿದ್ದ. ಅಪ್ಪ ಇಲ್ಲದ ಮನೆ, ಮೂವರು ಮಕ್ಕಳು, ಹೀಗೆ ಮಾಡದಿದ್ದರೆ ನಡೆಯುತ್ತಿರಲಿಲ್ಲ. ಅಣ್ಣ ಬೈಯುತ್ತಾನೆ ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಹಗ್ಗದ ಸುರುಳಿಯ ಮೇಲೆ ಮಲಗಿ ಕಣ್ಣು ಮುಚ್ಚಿದೆ. ಇಂಜಿನ್ ಶುರುವಾದಾಗ ಅರ್ಧ ಎಚ್ಚರವಿತ್ತು. ಬಂದಿರುತ್ತಾನೆ ಅಂದುಕೊಂಡೆ. ಕಣ್ಣು ತೆರೆದು ನೋಡಬಹುದಾಗಿತ್ತು.

ದಡ ಮುಟ್ಟಿದ ಮೇಲೆ ನೀನು ಕೂಗಿದೆ: “ಎಂಟನೇದು ಯಾರು ಹಾಕಿದ್ದು?” ಎಲ್ಲರನ್ನೂ ಕೇಳಿದೆ. ನಾನು ಅಮ್ಮನ ತೋಳು ಹಿಡಿದುಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಮೂರು ದಿನ ಹುಡುಕಿದರು, ಸಿಗಲಿಲ್ಲ. ನಾಲ್ಕನೇ ದಿನ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ನೀನೇ ಹಾಕಿದ್ದು, ಸುಳ್ಳು ಹೇಳುತ್ತಿದ್ದೀಯ ಅಂತ ಊರೆಲ್ಲ ಮಾತಾಡುವುದಕ್ಕೆ ಶುರುಮಾಡಿತ್ತು. ನಿನ್ನ ಕೆಲಸ ಹೋಯಿತು. ಅಮ್ಮ ನಿನ್ನ ಮುಖ ನೋಡುವುದು ಬಿಟ್ಟಳು. ಅದೆಲ್ಲ ಆದಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ದಿನ ಹೋದಂತೆ ಕಷ್ಟವಾಗುತ್ತಲೇ ಹೋಯಿತು. ನನಗೆ ಆಗ ಹದಿಮೂರು ಅಂತ ನೀನು ಹೇಳಬೇಡ. ಹದಿನಾಲ್ಕಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು, ಆಗಲೂ ಹೇಳಲಿಲ್ಲ.

ಅಮ್ಮ ನಿನ್ನನ್ನು ದಿನಾ ಕೇಳುವ ಆ ಪ್ರಶ್ನೆ ನನ್ನದು. ಇಷ್ಟು ವರ್ಷ ಅದಕ್ಕೂ ನೀನೇ ಹೌದು ಅಂದೆ.

ತಂಗಿ


ನವೆಂಬರ್ ೩

ಕಾಗದ ಬಂತು. ಬರೆಯುತ್ತೇನೆ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡ. ಅಮ್ಮನಿಗೆ ಫೋನ್ ಮಾಡಬೇಡ.

ಅಣ್ಣ


ನವೆಂಬರ್ ೧೭

ತಂಗೀ,

ನಾನು ಬರೆಯುವುದನ್ನು ಒಂದು ಸಲ ಓದಿ ಸುಟ್ಟುಬಿಡು. ಅಥವಾ ಇಟ್ಟುಕೋ. ಹೇಗೋ ಮಾಡು.

ವಿಚಾರಣೆಯಲ್ಲಿ ನಾನು ಸುಳ್ಳು ಹೇಳಿದೆ. ಬೋರ್ಡು ಮಾತ್ರ ನೋಡಿದೆ ಅಂದೆನಲ್ಲ, ಅದು ಸುಳ್ಳು. ನಿನಗೂ ಸೆಪ್ಟೆಂಬರಿನ ಕಾಗದದಲ್ಲಿ ಅದೇ ಸುಳ್ಳು ಬರೆದೆ.

ನಾನು ಮುಟ್ಟಿ ಎಣಿಸಿದ್ದೆ.

ದೋಣಿ ಯಜಮಾನ ನನಗೆ ಮೊದಲ ದಿನವೇ ಹೇಳಿದ್ದ, “ತಲೆ ಎಣಿಸಬೇಡ, ಅವು ಓಡಾಡ್ತಾವೆ. ಭುಜದ ಮೇಲೆ ಕೈ ಇಡು.” ನಾನು ಹಾಗೇ ಮಾಡುತ್ತಿದ್ದೆ. ಆ ದಿನವೂ ಮಾಡಿದೆ. ಬಿಲ್ಲೆ ನೋಡಿದೆ, ಎಂಟು. ಆಮೇಲೆ ಮುಂದಿನಿಂದ ಹಿಂದಕ್ಕೆ ಬಂದೆ. ನೀನು ನೀರಿಗೆ ಇಳಿದವಳಲ್ಲ, ನಿನ್ನನ್ನು ಬಿಟ್ಟೆ. ಒಂದು, ಎರಡು. ಮೇಷ್ಟ್ರು ಮೂರು. ಹೀಗೆ ಏಳಾಯಿತು. ಎಂಟನೆಯವನು ಹಿಂದೆ ಸಿಲಿಂಡರುಗಳ ಪಕ್ಕ ಕೂತಿದ್ದ. ಟವೆಲ್ಲು ತಲೆಯ ಮೇಲೆ ಹೊದ್ದುಕೊಂಡಿದ್ದ. ಬಗ್ಗಿದ್ದ. ಕೈ ಇಟ್ಟೆ. ಬೇರೆಯವರ ಮೈ ಬಿಸಿಲಿಗೆ ಒಣಗಿ ಬಿಸಿಯಾಗಿತ್ತು. ಇದು ಒದ್ದೆ. ತಣ್ಣಗಿತ್ತು. ಆಗ ತಾನೆ ಹತ್ತಿದ್ದಾನೆ ಅಂದುಕೊಂಡೆ. “ಯಾಕೋ, ಇವತ್ತು ಸೀಟಿ ಇಲ್ಲ?” ಅಂದೆ. ಅವನು ಮಾತಾಡಲಿಲ್ಲ. ಸುಸ್ತಾಗಿದೆ ಅಂದುಕೊಂಡೆ. ಎಂಟು ಅಂದೆ. ದೋಣಿ ಬಿಡಿ ಅಂದೆ.

ದಡದಲ್ಲಿ ಇಳಿಯುವಾಗ ಏಳೇ ಜನ ಇದ್ದರು. ಟವೆಲ್ಲು ಸಿಲಿಂಡರಿನ ಪಕ್ಕ ಬಿದ್ದಿತ್ತು. ಕೆಳಗಿನ ಹಲಗೆ ಒದ್ದೆಯಾಗಿತ್ತು.

ಇದನ್ನು ಯಾರಿಗೆ ಹೇಳುವುದು? ಹುಚ್ಚ ಅನ್ನುತ್ತಿದ್ದರು, ಇಲ್ಲಾ ಕುಡಿದಿದ್ದ ಅನ್ನುತ್ತಿದ್ದರು. ಅದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದು ಸುಲಭವಾಗಿತ್ತು. ಅನ್ನಿಸಿಕೊಂಡೆ.

ಹಾಗಾಗಿ ನಿನ್ನ ಬಿಲ್ಲೆಯಿಂದ ಏನೂ ಆಗಲಿಲ್ಲ. ಮೊಳೆ ಖಾಲಿ ಇದ್ದರೂ ನಾನು ದೋಣಿ ಬಿಡಿ ಅಂತಲೇ ಹೇಳುತ್ತಿದ್ದೆ. ನಾನು ನನ್ನ ಕೈಯನ್ನು ನಂಬಿದ್ದು.

ಆ ದ್ವೀಪಕ್ಕೇ ಯಾಕೆ ಅಂತ ನೀನು ಕೇಳಲಿಲ್ಲ. ಮಗಳ ಆಸೆ ಅಂತ ನಾನು ಸುಮ್ಮನೆ ಹೇಳಿದೆ. ಅವಳಿಗೆ ಯಾವ ಸಮುದ್ರವಾದರೂ ಆದೀತು. ನನಗೆ ಒಂದು ಸಲ ಆ ನೀರಿನ ಮೇಲೆ ಕೂರಬೇಕು. ಯಾರ ಭುಜ ಅದು ಅಂತ ತಿಳಿಯದೆ ಸಾಯುವುದಕ್ಕೆ ಇಷ್ಟವಿಲ್ಲ.

ಅಮ್ಮನಿಗೆ ಹೇಳಬೇಕಾದ್ದು ಏನೂ ಇಲ್ಲ. ಇದ್ದ ಹಾಗೇ ಇರಲಿ.

ಅಣ್ಣ


ನವೆಂಬರ್ ೨೫

ಅಣ್ಣಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನನ್ನ ಮೇಲಿನ ಭಾರ ಇಳಿಸುವುದಕ್ಕೆ ನೀನೇ ಕಟ್ಟಿದ ಕಥೆ ಅಂತ ಮೊದಲು ಅಂದುಕೊಂಡೆ. ನೀನು ಮಾತಿನ ಮಲ್ಲ. ಮುರಿದ ಕಂಪ್ರೆಸರನ್ನು ಹೊಸದು ಅಂತ ಮಾರಿ, ಕೊಂಡವನಿಂದ ಥ್ಯಾಂಕ್ಸ್ ಹೇಳಿಸಿಕೊಂಡವನು. ಆದರೆ ನಿನ್ನ ಸುಳ್ಳಿನ ಹದ ನನಗೆ ಗೊತ್ತು. ಸುಳ್ಳು ಹೇಳುವಾಗ ನೀನು ಚೆನ್ನಾಗಿ ಬರೆಯುತ್ತೀಯ. ಈ ಕಾಗದ ಚೆನ್ನಾಗಿಲ್ಲ. ಅದಕ್ಕೇ ನನಗೆ ಭಯ.

ಕಥೆಯೋ, ನಿಜವೋ, ಅದನ್ನು ನಾನು ಎಣಿಸಿ ನೋಡುವ ಹಾಗಿಲ್ಲ. ನಾನು ಎಣಿಸಬಲ್ಲದ್ದು ನನ್ನದನ್ನು ಮಾತ್ರ. ನನ್ನ ಕೈಯಲ್ಲಿ ಒಂದು ಬಿಲ್ಲೆ ಇತ್ತು, ನಾನು ಹಾಕಿದೆ, ನಾನು ಹೇಳಲಿಲ್ಲ. ಇದಕ್ಕೆ ನೀನು ಸಹಿ ಹಾಕಬೇಡ.

‘ಇದ್ದ ಹಾಗೇ ಇರಲಿ’ ಅಂತ ನೀನು ಸುಲಭವಾಗಿ ಬರೆದೆ. ಇದ್ದ ಹಾಗೆ ಅಂದರೆ ಏನು? ಅಮ್ಮ ನಿನ್ನ ಮನೆಯಲ್ಲಿ ಊಟ ಮಾಡಿಕೊಂಡು ನಿನ್ನನ್ನು ಶಿಕ್ಷಿಸುತ್ತಾ, ನನಗೆ ಫೋನಿನಲ್ಲಿ ‘ನನ್ನ ಬಂಗಾರ’ ಅನ್ನುತ್ತಾ ಇರಬೇಕಾ? ಪ್ರತಿ ಸಲ ಅವಳು ಹಾಗೆ ಅಂದಾಗ ನನಗೆ ಡ್ಯೂಟಿಗೆ ಹೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಒಬ್ಬಳೇ. ಅಮ್ಮನಿಗೆ ನಾನೇ ಹೇಳುತ್ತೇನೆ. ಅವಳು ನನ್ನನ್ನು ಇನ್ನು ಮನೆಗೆ ಸೇರಿಸದಿದ್ದರೆ ನಿಮ್ಮ ಜೊತೆ ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ. ಸೇರಿಸಿದರೆ ಬರುತ್ತೇನೆ. ಆ ಹೊತ್ತು ನೀನು ಶೆಡ್ಡಿನಲ್ಲೇ ಇರು. ನೀನು ಪಕ್ಕದಲ್ಲಿದ್ದರೆ ನನ್ನ ಬದಲು ಮಾತಾಡಿಬಿಡುತ್ತೀಯ.

ತಂಗಿ


ಡಿಸೆಂಬರ್ ೪

ತಂಗೀ,

ನೀನು ಹೇಳಿದ ಹಾಗೆ ಶೆಡ್ಡಿನಲ್ಲೇ ಇದ್ದೆ. ಭಾನುವಾರ, ಕೆಲಸದವರಿಲ್ಲ. ಮಾಡುವುದಕ್ಕೆ ಕೆಲಸವಿಲ್ಲದೆ ಹಳೇ ಸ್ಪ್ಯಾನರುಗಳನ್ನೆಲ್ಲ ಅಳತೆ ಪ್ರಕಾರ ಜೋಡಿಸಿದೆ, ಕೆಡಿಸಿದೆ, ಮತ್ತೆ ಜೋಡಿಸಿದೆ. ನಾನು ಮನೆಗೆ ಹೋಗುವಷ್ಟರಲ್ಲಿ ನೀನು ಬಸ್ಸು ಹತ್ತಿಯಾಗಿತ್ತು. ಮುಖವನ್ನಾದರೂ ತೋರಿಸಿ ಹೋಗಬಹುದಿತ್ತು.

ಅಲ್ಲಿ ಏನಾಯಿತು ಅಂತ ನಿನ್ನ ಅತ್ತಿಗೆ ಹೇಳಿದಳು. ಅಮ್ಮ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳಂತೆ. ನೀನು ನಿಂತುಕೊಂಡೇ ಎಲ್ಲ ಹೇಳಿದೆಯಂತೆ. ಅವಳ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲವಂತೆ. ಕೊನೆಗೆ, “ಹೂಂ,” ಅಂದು, “ಊಟ ಮಾಡ್ಕೊಂಡು ಹೋಗು,” ಅಂದಳಂತೆ. ನೀನು ಊಟ ಮಾಡದೆ ಹೊರಟೆ. ಅದನ್ನು ನೀನು ‘ಹೊರಗೆ ಹೋಗು’ ಅಂತ ತಿಳಿದುಕೊಂಡಿದ್ದರೆ ನಿನ್ನಷ್ಟು ಪೆದ್ದಿ ಇನ್ನೊಬ್ಬಳಿಲ್ಲ. ಅಮ್ಮ ಅವತ್ತಿನ ಎಲೆಕೋಸು-ಬಟಾಣಿ ಪಲ್ಯವನ್ನು ಸಂಜೆವರೆಗೆ ಯಾರಿಗೂ ಮುಟ್ಟಲು ಬಿಡಲಿಲ್ಲ. ನಿನ್ನ ಪಾಲು ತಟ್ಟೆಯಲ್ಲಿ ಮುಚ್ಚಿಟ್ಟಿದ್ದಳು.

ಸಂಜೆ ನಾನೂ ಹೇಳಿದೆ. ಭುಜದ ವಿಷಯ. ಯಾಕೆ ಹೇಳಿದೆ? ನೀನೊಬ್ಬಳೇ ಧೈರ್ಯಸ್ಥೆ ಅನ್ನಿಸಿಕೊಳ್ಳುವುದು ನನಗೆ ಸಹಿಸಲಾಗಲಿಲ್ಲ, ಅಷ್ಟೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ನೋಡಿ ಎಷ್ಟು ವರ್ಷವಾಗಿತ್ತು. ಒಂದೇ ಒಂದು ಕೇಳಿದಳು. “ಯಾವ ಭುಜ, ಎಡಾನೋ ಬಲಾನೋ?” ಬಲ ಅಂದೆ. ಎದ್ದು ಹೋದಳು.

ಸೋಮವಾರ, ಮಂಗಳವಾರ ಮಾತಿಲ್ಲ. ಶೆಡ್ಡು ಮುಚ್ಚಿ ಬಂದರೆ ಪ್ರಶ್ನೆಯೂ ಇಲ್ಲ. ನನಗೆ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುವ ಅಭ್ಯಾಸವಾಗಿಬಿಟ್ಟಿದೆ. ನಿಂತೆ, ಆಮೇಲೆ ಒಳಗೆ ಹೋದೆ. ಬುಕಿಂಗ್ ಹುಡುಗಿಗೆ ಫೋನ್ ಮಾಡಿ ಎಲ್ಲ ರದ್ದು ಅಂದುಬಿಡೋಣ ಅಂತ ನಿನ್ನೆ ನಿರ್ಧರಿಸಿದೆ. ನಂಬರು ಬರೆದ ಡೈರಿ ಮನೆಯಲ್ಲಿತ್ತು. ಹನ್ನೊಂದು ಗಂಟೆಗೆ ತರಲು ಹೋದೆ.

ಹಿತ್ತಲಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತಿದ್ದಾಳೆ. ಮುಂದೆ ಬಟ್ಟೆ ನೆನೆಹಾಕುವ ದೊಡ್ಡ ಟಬ್ಬು, ತುಂಬ ನೀರು. ಮುಖಕ್ಕೆ ನನ್ನ ಮಗಳ ಮಾಸ್ಕು, ಬಾಯಲ್ಲಿ ಕೊಳವೆ. ಬಿಳೀ ಕೂದಲೆಲ್ಲ ರಬ್ಬರಿನ ಪಟ್ಟಿಯ ಸುತ್ತ ಎದ್ದು ನಿಂತಿದೆ. ನನ್ನ ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಮೂಗಲ್ಲಿ ಅಲ್ಲ ಅಜ್ಜೀ, ಬಾಯಲ್ಲಿ. ನಿಧಾನಕ್ಕೆ. ಅವಸರ ಮಾಡ್ಬೇಡ,” ಅನ್ನುತ್ತಿದ್ದಾಳೆ. ನನ್ನನ್ನು ನೋಡಿ, “ಮೂರು ದಿನದಿಂದ ಕಲೀತಿದ್ದಾರೆ ಅಪ್ಪಾ. ನಿಮಗೆ ಹೇಳ್ಬೇಡ ಅಂದಿದ್ರು,” ಅಂದಳು.

ಅಮ್ಮ ಕೊಳವೆ ತೆಗೆದಳು. ಎಪ್ಪತ್ತೆರಡು ವರ್ಷದ ಮುಖದ ಮೇಲೆ ಮಾಸ್ಕಿನ ಕೆಂಪು ಗುರುತು.

“ಏನಮ್ಮಾ ಇದು?” ಅಂದೆ.

“ನೀನು ಹೇಳಿದ್ದು ಕೇಳ್ದೆ, ಅವಳು ಹೇಳಿದ್ದು ಕೇಳ್ದೆ. ಇಬ್ಬರದ್ದೂ ಸಾಕು. ನಾನು ಇನ್ನೂ ಆ ನೀರೊಳಗೆ ನೋಡಿಲ್ಲ. ನೋಡ್ಬೇಕು.”

“ವಯಸ್ಸೆಷ್ಟು ಅಂತ ಜ್ಞಾಪಕ ಇದೆಯಾ?”

“ನಿನಗಿದೆಯಲ್ಲ, ಸಾಕು. ಮೊಣಕಾಲುದ್ದ ನೀರು ಅಂತ ನೀನೇ ತಾನೇ ಎಲ್ಲರಿಗೂ ಡಂಗುರ ಹೊಡೆದಿದ್ದು? ನಿನ್ನ ತಂಗಿಗೆ ಬರೆದು ಹಾಕು. ಒಂದು ಕೈ ಅವಳು ಹಿಡೀಲಿ, ಒಂದು ಕೈ ನೀನು ಹಿಡಿ. ಬಿಟ್ಟೀರಿ ಮತ್ತೆ.”

ಅದನ್ನೇ ಬರೆದು ಹಾಕುತ್ತಿದ್ದೇನೆ. ಇಪ್ಪತ್ತನೇ ತಾರೀಖು ಬೆಳಿಗ್ಗೆ ಏಳಕ್ಕೆ ದೋಣಿಕಟ್ಟೆಯಲ್ಲಿ ಇರಬೇಕು. ನಿನ್ನ ಯಜಮಾನರಿಗೆ ಗುಳಿಗೆ ಮರೆಯಬೇಡ.

ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಅಂತ ಈ ಕಾಗದವನ್ನು ಎರಡು ಸಲ ಅಂಟಿಸಿ ಬಿಚ್ಚಿದ್ದೇನೆ. ಅಮ್ಮ ಮತ್ತೆ ಮುಖ ಮುಳುಗಿಸಿದಳು. ಬಹಳ ಹೊತ್ತು ಏಳಲಿಲ್ಲ. ಕೊಳವೆಯಿಂದ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ನನ್ನ ಮಗಳಿಗೆ ಗಾಬರಿಯಿಲ್ಲ, ನನಗೇ ಇತ್ತು. ಕೊನೆಗೆ ಎದ್ದಾಗ ಕೇಳಿದೆ, “ಏನು ಕಾಣಿಸ್ತಮ್ಮಾ?”

“ಕಾಣಿಸೋಕೆ ಏನಿದೆ, ಟಬ್ಬಿನ ತಳ,” ಅಂದಳು. ಮಾಸ್ಕಿನ ಗಾಜನ್ನು ಹೆಬ್ಬೆರಳಿನಿಂದ ಒರೆಸಿದಳು. “ಕೇಳಿಸುತ್ತೆ ಕಣೋ. ಹತ್ರದಲ್ಲೇ. ಉಸಿರು.”

ನಾನು ಟಬ್ಬಿನ ಪಕ್ಕ ಬಗ್ಗಿದೆ.

“ನಂದೇ ಇರ್ಬೇಕು,” ಅಂದಳು. ಮತ್ತೆ ಮುಖ ಮುಳುಗಿಸಿದಳು.

ಅಣ್ಣ